ಸ್ವೀಡನ್ನಿನಲ್ಲಿ ಅಪರಾಧ ಹೆಚ್ಚಲು ವಲಸಿಗರೇ ಕಾರಣವೇ?

ನಿಮ್ಮ ಮಗಳಿಗೆ ಸ್ಟಾಕ್‌ಹೋಮಿನಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿದೆಯೆಂದೂ, ವಲಸಿಗರು ಸೇರಿಕೊಂಡು ಆ ದೇಶ ಹಾಳಾಯಿತೆನ್ನುವ ವಿಡಿಯೊಗಳನ್ನು ನೋಡಿದ ಮೇಲೆ ಅವಳನ್ನು ಕಳುಹಿಸಲು ಮನಸ್ಸು ಒಪ್ಪುತ್ತಿಲ್ಲವೆಂದೂ ಬರೆದು, ಇದರಲ್ಲಿ ನಿಜವೆಷ್ಟು ಎಂದು ಕೇಳಿದ್ದೀರಿ. ನಾನು ಹನ್ನೊಂದು ವರ್ಷಗಳಿಂದ ಸ್ಟಾಕ್‌ಹೋಮಿನ ಉತ್ತರಕ್ಕಿರುವ ಕಿಸ್ತಾದಲ್ಲಿದ್ದೇನೆ. ಎರಿಕ್ಸನ್ ಕಂಪನಿಯ ಮುಖ್ಯ ಕಚೇರಿಯಿರುವ ಈ ಬಡಾವಣೆಯಲ್ಲಿ ಬೆಂಗಳೂರಿನಿಂದ ಬಂದ ನೌಕರರು ಬಹಳ ಮಂದಿ ಇದ್ದಾರೆ. ಮೆಟ್ರೊದ ನೀಲಿ ಮಾರ್ಗದಲ್ಲಿ ನಮ್ಮ ಮುಂದಿನ ನಿಲ್ದಾಣವೇ ಹುಸ್ಬಿ, ಯಾರ್ವಾ ಬಯಲಿನ ಆಚೆಗೆ ರಿಂಕೆಬಿ ಮತ್ತು ಟೆನ್ಸ್ಟಾ. ಮೂರೂ ವಲಸಿಗರೇ ಹೆಚ್ಚಾಗಿರುವ ಬಡಾವಣೆಗಳು. ನೀವು ನೋಡಿದ ವಿಡಿಯೊಗಳಲ್ಲಿ ಬಹುಶಃ ಈ ಹೆಸರುಗಳೂ ಬಂದಿರುತ್ತವೆ. ಹಾಗಾಗಿ ನನಗೆ ಗೊತ್ತಿರುವಷ್ಟನ್ನು ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೆ, ಗುಂಡಿನ ದಾಳಿಗಳ ಮಾತು ಕಟ್ಟುಕತೆಯಲ್ಲ. ಸುಮಾರು ಒಂದು ಕೋಟಿ ಐದು ಲಕ್ಷ ಜನಸಂಖ್ಯೆಯ ಈ ದೇಶದಲ್ಲಿ 2012ರಲ್ಲಿ 68 ಜನ ಕೊಲೆಯಾಗಿದ್ದರು. 2023ರಲ್ಲಿ ಆ ಸಂಖ್ಯೆ 121ಕ್ಕೆ ಏರಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಗ್ಯಾಂಗುಗಳ ಕಾದಾಟ ಎಷ್ಟು ವಿಪರೀತಕ್ಕೆ ಹೋಯಿತೆಂದರೆ, ಪ್ರಧಾನಿ ಉಲ್ಫ್ ಕ್ರಿಸ್ಟರ್‌ಸನ್ ಟಿವಿಯಲ್ಲಿ ದೇಶವನ್ನುದ್ದೇಶಿಸಿ ಮಾತನಾಡಿ, ಪೊಲೀಸ್ ಮುಖ್ಯಸ್ಥರ ಜೊತೆಗೆ ಸೇನಾ ಮುಖ್ಯಸ್ಥರನ್ನೂ ಕರೆಸುವುದಾಗಿ ಹೇಳಬೇಕಾಯಿತು. 2024ರಲ್ಲಿ ಕೊಲೆಗಳು 92ಕ್ಕೆ ಇಳಿದವು. ಮನೆ ಬಾಗಿಲುಗಳಲ್ಲಿ ಬಾಂಬು ಸಿಡಿಸುವುದು ಮಾತ್ರ ನಿಲ್ಲಲಿಲ್ಲ.

ಇನ್ನು ವಲಸಿಗರ ಪಾಲಿನ ವಿಷಯ. ಇಲ್ಲಿನ ಸರ್ಕಾರಿ ಸಂಸ್ಥೆಯಾದ ಅಪರಾಧ ತಡೆ ಮಂಡಳಿ 2021ರಲ್ಲಿ ಒಂದು ವರದಿ ಪ್ರಕಟಿಸಿತು. ತಂದೆ ತಾಯಿ ಇಬ್ಬರೂ ಸ್ವೀಡನ್ನಿನಲ್ಲೇ ಹುಟ್ಟಿದವರ ಮಕ್ಕಳಿಗೆ ಹೋಲಿಸಿದರೆ, ಹೊರದೇಶದಲ್ಲಿ ಹುಟ್ಟಿ ಇಲ್ಲಿಗೆ ಬಂದವರ ಹೆಸರು ಪೊಲೀಸರ ಶಂಕಿತರ ದಾಖಲೆಗೆ ಸೇರುವ ಸಾಧ್ಯತೆ ಎರಡೂವರೆ ಪಟ್ಟು ಹೆಚ್ಚು ಎಂದು ಅದರಲ್ಲಿದೆ. ವಯಸ್ಸು, ಲಿಂಗ, ಆದಾಯ ಮುಂತಾದ ವ್ಯತ್ಯಾಸಗಳನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ಅದು 1.8 ಪಟ್ಟಿಗೆ ಇಳಿಯುತ್ತದೆ. ಇಳಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ವಲಸೆಗೂ ಅಪರಾಧಕ್ಕೂ ಏನೇನೂ ಸಂಬಂಧವಿಲ್ಲ ಎನ್ನುವವರು ಈ ಅಂಕಿಯನ್ನು ಮುಚ್ಚಿಡುತ್ತಾರೆ. ಅದೇ ವರದಿಯಲ್ಲಿ, ಹೊರದೇಶದಲ್ಲಿ ಹುಟ್ಟಿದ ನೂರು ಮಂದಿಯಲ್ಲಿ ಸುಮಾರು 92 ಮಂದಿಯ ಹೆಸರು ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಶಂಕಿತರ ಪಟ್ಟಿಗೆ ಬಂದಿರಲಿಲ್ಲ ಎಂಬುದನ್ನು ಎಲ್ಲಕ್ಕೂ ವಲಸಿಗರನ್ನೇ ದೂರುವವರು ಮುಚ್ಚಿಡುತ್ತಾರೆ.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಇವೆರಡೂ ಅಲ್ಲ, ಮೂರನೆಯ ಒಂದು ಅಂಕಿ. ತಂದೆ ತಾಯಿ ಇಬ್ಬರೂ ಹೊರದೇಶದಲ್ಲಿ ಹುಟ್ಟಿದವರಾಗಿ, ತಾವು ಸ್ವೀಡನ್ನಿನಲ್ಲೇ ಹುಟ್ಟಿದ ಮಕ್ಕಳಲ್ಲಿ ಆ ಸಾಧ್ಯತೆ, ವಯಸ್ಸು, ಆದಾಯಗಳನ್ನು ಸರಿದೂಗಿಸುವ ಮುನ್ನ, 3.2 ಪಟ್ಟು, ಅಂದರೆ ಅವರ ತಂದೆ ತಾಯಿಯ ಪೀಳಿಗೆಗಿಂತಲೂ ಹೆಚ್ಚು. ಅಪರಾಧವೆಂಬುದು ಸೊಮಾಲಿಯಾದಿಂದಲೋ ಸಿರಿಯಾದಿಂದಲೋ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದ ವಸ್ತುವೇ ಆಗಿದ್ದರೆ, ಹೊತ್ತು ತಂದವರಲ್ಲೇ ಅದು ಹೆಚ್ಚಿರಬೇಕಿತ್ತು. ಇಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿ, ಇಲ್ಲಿನ ಶಾಲೆಯಲ್ಲಿ ಕಲಿತ ಮಕ್ಕಳಲ್ಲಿ ಕಡಿಮೆಯಾಗಬೇಕಿತ್ತು. ಹಾಗಾಗಿಲ್ಲ. ಈ ಮಕ್ಕಳಿಗೆ ಈ ದೇಶದಲ್ಲೇ ಏನೋ ಆಗಿದೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಆಗಿದ್ದೇನು ಎಂಬುದಕ್ಕೆ ಹಿಂದಕ್ಕೆ ಹೋಗಬೇಕು. 1965ರಿಂದ 1974ರವರೆಗೆ ಸ್ವೀಡನ್ ಸರ್ಕಾರ ನಗರಗಳ ಅಂಚಿನಲ್ಲಿ ಹತ್ತು ಲಕ್ಷ ಮನೆಗಳನ್ನು ಕಟ್ಟಿಸಿತು. ರಿಂಕೆಬಿ, ಟೆನ್ಸ್ಟಾಗಳೂ ಮಾಲ್ಮೊ ನಗರದ ರೋಸೆನ್‌ಗೋರ್ಡ್ ಬಡಾವಣೆಯೂ ಆ ಕಾಲದವು. ಕೈಯಲ್ಲಿ ಕಾಸು ಓಡಾಡತೊಡಗಿದ ಸ್ವೀಡಿಷರು ಅಲ್ಲಿಂದ ಒಬ್ಬೊಬ್ಬರಾಗಿ ಬೇರೆಡೆಗೆ ಹೋದ ಹಾಗೆ, ಖಾಲಿಯಾದ ಮನೆಗಳಿಗೆ ಹೊಸದಾಗಿ ಬಂದವರು ಸೇರಿದರು. ಆಶ್ರಯ ಕೋರಿ ಬಂದವರು ತಮ್ಮ ವಸತಿಯನ್ನು ತಾವೇ ನೋಡಿಕೊಳ್ಳಬಹುದೆಂದು 1994ರಲ್ಲಿ ಕಾನೂನಾದ ಮೇಲೆ, ಬಂದವರು ಸಹಜವಾಗಿಯೇ ನೆಂಟರಿಷ್ಟರಿದ್ದ ಕಡೆಗೇ ಹೋಗಿ, ಎರಡು ಕೋಣೆಗಳ ಮನೆಯಲ್ಲಿ ಎರಡು ಮೂರು ಸಂಸಾರಗಳು ಇರುವಂತಾಯಿತು. 2015ರ ಒಂದೇ ವರ್ಷದಲ್ಲಿ ಆಶ್ರಯ ಕೋರಿದವರು ಸುಮಾರು 1,63,000 ಮಂದಿ. ಅವರಲ್ಲಿ ಸುಮಾರು 35,000 ಮಂದಿ ಹೆತ್ತವರಿಲ್ಲದೆ ಒಂಟಿಯಾಗಿ ಬಂದ ಮಕ್ಕಳು. ಇಷ್ಟೊಂದು ಜನರನ್ನು ಇಷ್ಟು ಬೇಗ ನೆಲೆಗೊಳಿಸುವ ಶಕ್ತಿ ಆಗ ಇಲ್ಲಿನ ವ್ಯವಸ್ಥೆಗಿರಲಿಲ್ಲ, ಇದನ್ನು ಒಪ್ಪಿಕೊಳ್ಳುವುದರಲ್ಲಿ ಕ್ರೌರ್ಯವೇನೂ ಇಲ್ಲ. ಅದೇ ವರ್ಷ ಜರ್ಮನಿಗೆ ಸುಮಾರು 8.9 ಲಕ್ಷ ಜನ ಬಂದರು, ಆದರೂ ಅಲ್ಲಿ ಹದಿಹರೆಯದ ಹುಡುಗರು ಬಂದೂಕು ಹಿಡಿದು ಬೀದಿಗಿಳಿಯುವ ಸ್ಥಿತಿ ಈ ಪ್ರಮಾಣದಲ್ಲಿ ಬರಲಿಲ್ಲ. ವಲಸೆಯೊಂದನ್ನೇ ಕಾರಣವೆನ್ನುವವರು ಇದಕ್ಕೆ ಉತ್ತರ ಕೊಡಬೇಕು. ಸ್ವೀಡನ್ನಿನಲ್ಲಿ ಮಾದಕವಸ್ತುಗಳ ವ್ಯಾಪಾರ, ಯುಗೊಸ್ಲಾವಿಯಾದ ಯುದ್ಧಗಳ ನಂತರ ಬಾಲ್ಕನ್ ಕಡೆಯಿಂದ ಕಳ್ಳಸಾಗಣೆಯಾಗಿ ಬಂದ ಆಯುಧಗಳು, ಹದಿನೈದು ತುಂಬದ ಮಕ್ಕಳಿಗೆ ಶಿಕ್ಷೆಯಿಲ್ಲವೆಂಬುದನ್ನು ಅರಿತು ಅವರನ್ನೇ ಬಳಸಿಕೊಳ್ಳುವ ಗ್ಯಾಂಗಿನ ಯಜಮಾನರು, ಇವೆಲ್ಲ ಒಂದೇ ಕಡೆ ಕೂಡಿಕೊಂಡವು. ಆ ಯಜಮಾನರಲ್ಲಿ ಕೆಲವರು ಹೊರದೇಶಗಳಲ್ಲಿ ಕುಳಿತು ಫೋನಿನಲ್ಲೇ ಕೆಲಸ ಮಾಡಿಸುತ್ತಾರೆ.

ಇದನ್ನು ನಾನು ಹತ್ತಿರದಿಂದ ಕಂಡದ್ದು ಹುಸ್ಬಿಯಲ್ಲಿ. ನಾಲ್ಕು ವರ್ಷಗಳಿಂದ ವಾರಕ್ಕೊಂದು ಸಂಜೆ ಅಲ್ಲಿನ ಮಕ್ಕಳಿಗೆ ಗಣಿತದ ಹೋಂವರ್ಕ್ ಹೇಳಿಕೊಡುತ್ತಿದ್ದೇನೆ. ಹನ್ನೆರಡು ವರ್ಷದ ಹುಡುಗನೊಬ್ಬ ಬರುತ್ತಿದ್ದ, ಭಿನ್ನರಾಶಿಯ ಲೆಕ್ಕಗಳನ್ನು ಬಾಯಲ್ಲೇ ಬಿಡಿಸುವಷ್ಟು ಚುರುಕು. ತಾಯಿ ಬೆಳಗಿನ ನಾಲ್ಕಕ್ಕೆದ್ದು ಕಚೇರಿಗಳನ್ನು ಗುಡಿಸಲು ಹೋಗುವವರು. ಮನೆಗೆ ಬರುವ ಸರ್ಕಾರಿ ಪತ್ರಗಳನ್ನು ತಾಯಿಗೆ ಓದಿ ಹೇಳುವವನು ಇವನೇ. ಒಂದು ಸಂಜೆ ತನ್ನ ಫೋನಿಗೆ ಬಂದ ಸಂದೇಶವೊಂದನ್ನು ತೋರಿಸಿದ. ಒಂದು ಚೀಲವನ್ನು ಇಲ್ಲಿಂದ ಅಲ್ಲಿಗೆ ಮುಟ್ಟಿಸಿದರೆ ಇಷ್ಟು ಕ್ರೋನಾ ಎಂದಿತ್ತು. ಅವನ ತಾಯಿ ಓಡಿ ಬಂದು, ಸಮಾಜ ಕಲ್ಯಾಣದವರೊಂದಿಗೆ ನೀವೇ ಮಾತನಾಡಿ ಎಂದು ನನ್ನನ್ನು ಕೇಳಿಕೊಂಡರು. ನನಗೆ ಆ ವಿಷಯವನ್ನು ತಿಳಿಸುವಷ್ಟು ಸ್ವೀಡಿಷ್ ಬರುತ್ತಿರಲಿಲ್ಲ. ಕೊನೆಗೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದವರು ಪಕ್ಕದ ಮನೆಯ ಸೊಮಾಲಿ ಮಹಿಳೆ. ಆ ಸಂಸಾರ ಬೇರೆ ಊರಿಗೆ ಹೋಯಿತು.

ಆ ಸಂಜೆಯ ನಂತರ, ನಮ್ಮವರು ಸೇರಿದಲ್ಲೆಲ್ಲ ಕೇಳಿಬರುವ "ನಾವು ಭಾರತೀಯರು ಅವರ ಹಾಗಲ್ಲ" ಎಂಬ ಮಾತನ್ನು ಸಹಿಸುವುದು ನನಗೆ ಕಷ್ಟವಾಗಿದೆ. ನಾವು ಬಂದದ್ದು ಕೈಯಲ್ಲಿ ಪದವಿ, ನೌಕರಿಯ ಪತ್ರ ಮತ್ತು ವಿಮಾನದ ಟಿಕೆಟ್ ಹಿಡಿದು. ಮನೆ ಸುಟ್ಟುಹೋಗಿ, ಸಮುದ್ರ ದಾಟಿ ಬಂದವರ ಜೊತೆ ನಮ್ಮನ್ನು ಹೋಲಿಸಿ ಹೆಮ್ಮೆಪಡುವುದು ನ್ಯಾಯವಲ್ಲ. ಭಾಷೆ ಕಲಿಯದೆ, ನಮ್ಮ ನಮ್ಮಲ್ಲೇ ಯುಗಾದಿ, ರಾಜ್ಯೋತ್ಸವ ಮಾಡಿಕೊಂಡು ನಾವು ಇದ್ದರೆ ಅದನ್ನು ಯಾರೂ ಸಮಾನಾಂತರ ಸಮಾಜವೆನ್ನುವುದಿಲ್ಲ (ಊರಿನವರೊಡನೆ ಬೆರೆಯದೆ ಬೇರೆಯಾಗಿಯೇ ಬದುಕುವವರನ್ನು ಇಲ್ಲಿ ಹಾಗೆ ಕರೆಯುತ್ತಾರೆ), ಏಕೆಂದರೆ ನಮಗೆ ಸಂಬಳವಿದೆ.

ಮಾತನಾಡದೆ ಉಳಿದದ್ದರಿಂದಲೂ ದೊಡ್ಡ ನಷ್ಟವಾಯಿತು. ಮೂಲದೇಶಕ್ಕೂ ಅಪರಾಧಕ್ಕೂ ಇರುವ ಸಂಬಂಧವನ್ನು ಕುರಿತು ಅಪರಾಧ ತಡೆ ಮಂಡಳಿ 2005ರಲ್ಲಿ ವರದಿ ಮಾಡಿದ ಮೇಲೆ ಮುಂದಿನ ವರದಿಗೆ ಹದಿನಾರು ವರ್ಷ ಬೇಕಾಯಿತು. ಜನರ ಮನಸ್ಸು ನೋಯಬಾರದೆಂಬ ಒಳ್ಳೆಯ ಉದ್ದೇಶವೇ ಇದ್ದಿರಬಹುದು, ಆದರೆ ಆ ಖಾಲಿ ಜಾಗವನ್ನು ವದಂತಿಗಳು ತುಂಬಿದವು. ವಲಸೆ ವಿರೋಧಿ ಪಕ್ಷವಾದ ಸ್ವೀಡನ್ ಡೆಮಾಕ್ರಾಟ್ಸ್ 2022ರ ಚುನಾವಣೆಯಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಮತ ಪಡೆಯಿತು. 2025ರ ಫೆಬ್ರುವರಿ 4ರಂದು ಓರೆಬ್ರೊ ನಗರದ ವಯಸ್ಕರ ಶಾಲೆಯೊಂದಕ್ಕೆ ನುಗ್ಗಿ ಹತ್ತು ಜನರನ್ನು ಕೊಂದವನು ಸ್ವೀಡನ್ನಿನಲ್ಲೇ ಹುಟ್ಟಿ ಬೆಳೆದವನು. ಸತ್ತವರಲ್ಲಿ ಅನೇಕರು ವಲಸೆ ಬಂದವರು. ಹೊಸದಾಗಿ ಬಂದವರಿಗೆ ಸ್ವೀಡಿಷ್ ಕಲಿಸುವ ತರಗತಿಗಳು ಆ ಶಾಲೆಯಲ್ಲೂ ನಡೆಯುತ್ತಿದ್ದವು.

ನಿಮ್ಮ ಮಗಳನ್ನು ಕಳುಹಿಸಿ. ಗ್ಯಾಂಗುಗಳ ಗುಂಡು ಹೆಚ್ಚಾಗಿ ತಗಲುವುದು ಗ್ಯಾಂಗಿನ ಹುಡುಗರಿಗೆ. ದಾರಿಯಲ್ಲಿದ್ದ ಅಮಾಯಕರೂ ಸತ್ತದ್ದುಂಟು, ಆದರೆ ಅಂಥವು ಬಹಳ ವಿರಳ. ನನ್ನ ಹೆಂಡತಿ ಆಸ್ಪತ್ರೆಯ ಪಾಳಿ ಮುಗಿಸಿ ರಾತ್ರಿ ಹನ್ನೊಂದರ ಮೆಟ್ರೊದಲ್ಲಿ ಒಬ್ಬಳೇ ಬರುತ್ತಾಳೆ. ಕಿಸ್ತಾದಲ್ಲೋ ಹುಸ್ಬಿಯಲ್ಲೋ ಅಗ್ಗದ ಕೋಣೆ ಸಿಕ್ಕರೆ ಹೆಸರು ಕೇಳಿಯೇ ಬೇಡವೆನ್ನದಿರಿ, ಒಮ್ಮೆ ಹಗಲಲ್ಲೂ ಒಮ್ಮೆ ಸಂಜೆಯಲ್ಲೂ ಹೋಗಿ ನೋಡಿ ನಿರ್ಧರಿಸಲಿ. ಇಲ್ಲಿನ ಗುರುತಿನ ಸಂಖ್ಯೆ ಸಿಕ್ಕ ತಿಂಗಳಲ್ಲೇ ಪುರಸಭೆಯ ಉಚಿತ ಸ್ವೀಡಿಷ್ ತರಗತಿಗೆ ಹೆಸರು ಬರೆಸಲಿ. ನಾನು ಸೇರಿದ್ದು ಆ ಹುಡುಗ ಊರು ಬಿಟ್ಟ ಮೇಲೆ.