ಎಲಿಜಬೆತ್ ಗ್ಯಾಸ್ಕೆಲ್ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ವಿಕ್ಟೋರಿಯಾ ಕಾಲದ ಕಾದಂಬರಿಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಅವರ ಬದುಕು ಮತ್ತು ಸಾಧನೆಯನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಭಾಷೆ ಶುದ್ಧವಾಗಿದೆ, ಇಸವಿಗಳೂ ಸರಿಯಾಗಿವೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. 1810ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು, ತಾಯಿಯನ್ನು ಕಳೆದುಕೊಂಡು ನಟ್ಸ್‌ಫರ್ಡ್ ಊರಿನ ಬಂಧುಗಳಲ್ಲಿ ಬೆಳೆದದ್ದು, 1832ರಲ್ಲಿ ಪಾದ್ರಿಯೊಬ್ಬರ ಕೈಹಿಡಿದು ಮ್ಯಾಂಚೆಸ್ಟರಿಗೆ ಬಂದದ್ದು, ಇಷ್ಟಕ್ಕೇ ಲೇಖನದ ಅರ್ಧಭಾಗ ಮುಗಿದಿದೆ; ಉಳಿದದ್ದು ಪುಸ್ತಕಗಳ ಪಟ್ಟಿ. ಇವೆರಡರ ನಡುವೆ, ಬರೆಯಲು ಕುಳಿತ ಹೆಂಗಸು ಎಲ್ಲಿಯೂ ಕಾಣುವುದಿಲ್ಲ.

ಮನೆಗೆಲಸದ ಬಿಡುವಿನಲ್ಲಿ ಬರೆದ ಮೃದುಮನಸ್ಸಿನ ಗೃಹಿಣಿ ಎಂದು ನೀವು ಅವರನ್ನು ಬಣ್ಣಿಸಿದ್ದೀರಿ. 1934ರಲ್ಲಿ ವಿಮರ್ಶಕ ಡೇವಿಡ್ ಸೆಸಿಲ್ ಕೂಡ ಕಾದಂಬರಿಕಾರ್ತಿಯರಾದ ಷಾರ್ಲಟ್ ಬ್ರಾಂಟಿ, ಜಾರ್ಜ್ ಎಲಿಯಟ್ ಇಬ್ಬರನ್ನು ಹದ್ದುಗಳೆಂದು ಕರೆದು ಗ್ಯಾಸ್ಕೆಲ್ ಅವರನ್ನು ಪಾರಿವಾಳವಾಗಿಸಿದರು. ಆ ಮಾತನ್ನು ನೀವು ಪರೀಕ್ಷಿಸಬೇಕಿತ್ತು. 1850ರಲ್ಲಿ ಡಿಕನ್ಸ್ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದ 'ಲಿಜ್ಜಿ ಲೀ' ಕಥೆಗೆ 20 ಪೌಂಡ್ ಬಂದಾಗ, ಪತಿ ವಿಲಿಯಂ ಅದನ್ನು ನಿರಾಳವಾಗಿ ಜೇಬಿಗಿಳಿಸಿ ಗುಂಡಿ ಹಾಕಿಕೊಂಡರೆಂದು ಗ್ಯಾಸ್ಕೆಲ್ ಗೆಳತಿಗೆ ಬರೆದರು. ಹೆಂಡತಿಯ ದುಡಿಮೆ ಗಂಡನ ಸೊತ್ತೆಂಬುದು ಅಂದಿನ ಕಾನೂನಾಗಿತ್ತು. ಅದನ್ನು ಬದಲಿಸಬೇಕೆಂಬ 1856ರ ಮನವಿಗೆ ಅವರೂ ಸಹಿ ಹಾಕಿದರು. ಅದೇ ಗ್ಯಾಸ್ಕೆಲ್ 1865ರಲ್ಲಿ ತಮ್ಮ ಬರಹದ ಆದಾಯವನ್ನು ನೆಚ್ಚಿ, ಪತಿಗೆ ತಿಳಿಸದೆ, ಹ್ಯಾಂಪ್‌ಷೈರಿನಲ್ಲಿ ಮನೆಯೊಂದನ್ನು ಕೊಂಡರು. 'ವೈವ್ಸ್ ಅಂಡ್ ಡಾಟರ್ಸ್' ಕಾದಂಬರಿ ಮುಗಿಯುವ ಮೊದಲೇ, ನವೆಂಬರಿನಲ್ಲಿ, ಅದೇ ಮನೆಯಲ್ಲಿ ಹಠಾತ್ತನೆ ತೀರಿಕೊಂಡರು. ಜೇಬಿನ ಗುಂಡಿಯಿಂದ ಈ ಮನೆಯವರೆಗಿನ ಹದಿನೈದು ವರ್ಷಗಳೇ ನಿಮ್ಮ ಲೇಖನದ ಬೆನ್ನೆಲುಬಾಗಬೇಕು.

1857ರಲ್ಲಿ ಬಂದ ಷಾರ್ಲಟ್ ಬ್ರಾಂಟಿಯ ಜೀವನಚರಿತ್ರೆಯನ್ನು ಗೆಳತಿಗೆ ಸಲ್ಲಿಸಿದ ಕಾಣಿಕೆಯೆಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇದೇ ನನಗೆ ಹೆಚ್ಚು ನೋವಾದ ಸಂಗತಿ. ಅದನ್ನು ಬರೆಯಲು ಅವರು ಬ್ರಸೆಲ್ಸ್‌ಗೆ ಹೋಗಿ, ಷಾರ್ಲಟ್ ಒಲಿದಿದ್ದ ವಿವಾಹಿತ ಅಧ್ಯಾಪಕ ಎಜೆ ಅವರನ್ನು ಕಂಡು, ಆಕೆ ಬರೆದ ಪತ್ರಗಳ ವಿಷಯ ತಿಳಿದುಕೊಂಡರು. ಆದರೆ ಷಾರ್ಲಟ್‌ಳ ತಂದೆ ಮತ್ತು ಗಂಡ ಇಬ್ಬರೂ ಬದುಕಿದ್ದರು. ಹಾಗಾಗಿ ಆ ಒಲವನ್ನು ಮರೆಮಾಚಿ, ಅವಳ ದುಃಖಕ್ಕೆ ಇದ್ದ ಒಬ್ಬನೇ ತಮ್ಮ ಬ್ರ್ಯಾನ್‌ವೆಲ್‌ನ ಪತನವನ್ನು ಕಾರಣವಾಗಿ ತೋರಿಸಿದರು. ಅವನನ್ನು ಕೆಡಿಸಿದಳೆಂದು ಸೂಚಿಸಲಾಗಿದ್ದ ಮಹಿಳೆ ಮೊಕದ್ದಮೆಯ ಬೆದರಿಕೆ ಹಾಕಿದಾಗ, 'ದಿ ಟೈಮ್ಸ್'ನಲ್ಲಿ ಹೇಳಿಕೆಗಳನ್ನು ಹಿಂತೆಗೆದುಕೊಂಡು, ಪ್ರತಿಗಳನ್ನು ವಾಪಸು ಪಡೆದು, ಪುಸ್ತಕವನ್ನು ತಿದ್ದಬೇಕಾಯಿತು. ಎಜೆಗೆ ಬರೆದ ಪತ್ರಗಳು ಪ್ರಕಟವಾದದ್ದು 1913ರಲ್ಲಿ. ಅಲ್ಲಿಯವರೆಗೆ ಜಗತ್ತು ಕಂಡ ಷಾರ್ಲಟ್, ಗ್ಯಾಸ್ಕೆಲ್ ಆಯ್ದು ತೋರಿಸಿದ ಷಾರ್ಲಟ್. ಇದು ಸರಿಯೋ ತಪ್ಪೋ ಎಂಬ ನಿಮ್ಮ ತೀರ್ಮಾನವನ್ನು ಓದುಗರ ಮುಂದಿಡಿ.

ಕನ್ನಡದ ಲೇಖಕಿಯರೊಂದಿಗಿನ ಹೋಲಿಕೆಯನ್ನು ಕೈಬಿಡಿ, ಅದಕ್ಕೆ ಆಧಾರವಿಲ್ಲ. ಕನ್ನಡ ನಾಡಿನ ನಂಟು ಬೇಕೇ ಬೇಕೆಂದರೆ ಹತ್ತಿಯನ್ನು ಹಿಡಿಯಿರಿ: ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬಾರದೆ ಲ್ಯಾಂಕಷೈರಿನ ಗಿರಣಿಗಳು ನಿಂತಾಗ ಗ್ಯಾಸ್ಕೆಲ್ ಮತ್ತು ಹೆಣ್ಣುಮಕ್ಕಳು ನಿರುದ್ಯೋಗಿಗಳ ಪರಿಹಾರಕ್ಕೆ ದುಡಿದರು, ಅದೇ ಅಭಾವ ಮ್ಯಾಂಚೆಸ್ಟರಿನ ವರ್ತಕರ ಕಣ್ಣನ್ನು ಧಾರವಾಡದ ಹತ್ತಿಯತ್ತ, ಕಾರವಾರ ಬಂದರಿನತ್ತ ತಿರುಗಿಸಿತು.

'ರೂತ್' ಕಾದಂಬರಿಯನ್ನು ಪತಿಯ ಧರ್ಮಸಭೆಯ ಕೆಲವರೇ ಸುಟ್ಟ ಪ್ರಸಂಗದ ಪ್ಯಾರಾವನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ನೀವು ನಿಜವಾಗಿ ಬರೆದಿದ್ದೀರಿ. ಉಳಿದದ್ದನ್ನು ಹೊಸದಾಗಿ ಬರೆದು ಕಳುಹಿಸಿ.

ಇಂತಿ,
ಸಂಪಾದಕ