ಬಿಲ್ಲು ಬರೆಯುವ ಪದವಿಯಲ್ಲ

ಓದುಗರೊಬ್ಬರ ಮಗಳು ಆರೋಗ್ಯ ಸೇವಾ ನಿರ್ವಹಣೆಯ ಪದವಿಗೆ ಸೇರಬೇಕೆಂದಿದ್ದಾಳೆ. ಬಿಲ್ಲು ಬರೆಯುವುದಕ್ಕೂ ಹಾಜರಿ ನೋಡುವುದಕ್ಕೂ ಪದವಿ ಏಕೆ, ಅನುಭವಿ ವೈದ್ಯರೊಬ್ಬರು ಆಸ್ಪತ್ರೆಯ ಆಡಳಿತಗಾರರ ಕುರ್ಚಿಯಲ್ಲಿ ಕುಳಿತರೆ ಸಾಲದೇ ಎಂದು ಅವರು ಕೇಳಿದ್ದಾರೆ.

ಮಾನ್ಯರೇ, ತಮ್ಮ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ವಾರ್ಡಿನ ಒಳಹೊರಗು ಬಲ್ಲ ವೈದ್ಯರ ಮಾತನ್ನು ಸಿಬ್ಬಂದಿ ಬೇಗ ಒಪ್ಪುತ್ತಾರೆ. ಆದರೆ ತಾವು ಆಸ್ಪತ್ರೆಯ ಅರ್ಧವನ್ನಷ್ಟೇ ಕಂಡಿದ್ದೀರಿ. ಬೆಳಗಿನ ರೌಂಡ್ಸ್‌ನಲ್ಲಿ ‘ಇವರು ಮನೆಗೆ ಹೋಗಬಹುದು’ ಎನಿಸಿಕೊಂಡ ರೋಗಿಯ ಪಕ್ಕ ಒಂದು ದಿನ ಕುಳಿತು ನೋಡಿ. ಡಿಸ್ಚಾರ್ಜ್ ಸಾರಾಂಶ ಕಿರಿಯ ವೈದ್ಯರ ಬಿಡುವಿಗಾಗಿ ಕಾಯುತ್ತದೆ. ಉಳಿದ ಔಷಧಿ ಫಾರ್ಮಸಿಗೆ ಮರಳುವವರೆಗೆ ಬಿಲ್ಲು ಮುಗಿಯದು. ಬಿಲ್ಲು ಮುಗಿದರೂ ವಿಮೆಯವರ ಒಪ್ಪಿಗೆ ಬಂದಿರದು. ಸಂಜೆ ಹಾಸಿಗೆ ತೆರವಾಗುವ ಹೊತ್ತಿಗೆ ತುರ್ತು ವಿಭಾಗದಲ್ಲಿ ಇನ್ನೊಬ್ಬರು ಮಧ್ಯಾಹ್ನದಿಂದ ಸ್ಟ್ರೆಚರಿನ ಮೇಲೆಯೇ ಇರುತ್ತಾರೆ. ಇಲ್ಲಿ ಯಾರೂ ಮೈಗಳ್ಳರಲ್ಲ. ಎಲ್ಲರೂ ತಂತಮ್ಮ ಕೆಲಸ ಮಾಡಿದ್ದಾರೆ, ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವಿನ ಸಂದು ಮಾತ್ರ ಯಾರ ಪಾಲಿಗೂ ಬಂದಿಲ್ಲ. ಆ ಸಂದನ್ನು ಗಡಿಯಾರ ಹಿಡಿದು ಅಳೆಯುವುದು, ಪರಸ್ಪರ ದೂರುವ ನಾಲ್ಕು ವಿಭಾಗಗಳವರನ್ನು ಒಂದೆಡೆ ಕೂರಿಸಿ ಒಪ್ಪಂದಕ್ಕೆ ತರುವುದು, ಹಾಸಿಗೆಗಳೆಲ್ಲ ಸದಾ ತುಂಬಿರಲೆಂದು ಹೊರಟರೆ ಕಾಯುವ ಹೊತ್ತು ಹೇಗೆ ಏಕಾಏಕಿ ಏರುತ್ತದೆಂದು ಗಣಿತದಿಂದ ತೋರಿಸುವುದು, ಇವು ಈ ವಿದ್ಯಾರ್ಥಿಗಳು ಕಲಿಯುವ ವಿದ್ಯೆ. ಆಯವ್ಯಯ, ಕಾನೂನು, ದಾಖಲೆಗಳ ಗೋಪ್ಯತೆ ಹೇಗೂ ಇದ್ದೇ ಇವೆ.

ಈ ವಿದ್ಯೆ ಹೊಸದೇನಲ್ಲ. ದಾದಿ ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮಗೆ ಆಕೆಯ ಕೈಯ ದೀಪವೊಂದೇ ನೆನಪಾಗುತ್ತದೆ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚಾಗಿ ಸತ್ತರೆಂಬುದನ್ನು 1858ರಲ್ಲಿ ಅಂಕಿಅಂಶಗಳ ಚಿತ್ರ ಬರೆದು ತೋರಿಸಿದ್ದೂ ಆಕೆಯೇ. ಷಿಕಾಗೊ ವಿಶ್ವವಿದ್ಯಾಲಯ ಆಸ್ಪತ್ರೆ ಆಡಳಿತಕ್ಕೆಂದೇ ಸ್ನಾತಕೋತ್ತರ ಶಿಕ್ಷಣ ಆರಂಭಿಸಿದ್ದು 1934ರಲ್ಲಿ. ಆರೈಕೆಯ ಗುಣಮಟ್ಟವನ್ನು ಸೌಕರ್ಯ, ಕಾರ್ಯವಿಧಾನ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ಅಳೆಯಬೇಕೆಂದು 1966ರಲ್ಲಿ ಬರೆದ ಅವೆಡಿಸ್ ಡೊನಬೇಡಿಯನ್, ತಮಗೆ ಸಮಾಧಾನವಾಗಲೆಂದು ಹೇಳುತ್ತೇನೆ, ಸ್ವತಃ ವೈದ್ಯರು.

ಶಸ್ತ್ರಚಿಕಿತ್ಸೆ ಗೆದ್ದರೆ ಸನ್ಮಾನ ಸರ್ಜನ್ನರಿಗೆ. ಆ ಗಳಿಗೆಗೆ ಸರಿಯಾಗಿ ರಕ್ತ, ಆಮ್ಲಜನಕ, ಶುದ್ಧೀಕರಿಸಿದ ಉಪಕರಣಗಳು ಅಲ್ಲಿರುವಂತೆ ನೋಡಿಕೊಂಡವರ ಹೆಸರನ್ನು ಯಾರೂ ಕೇಳುವುದಿಲ್ಲ. ಏನಾದರೂ ಎಡವಟ್ಟಾದಾಗ ಮಾತ್ರ ‘ಆಡಳಿತ ಏನು ಮಾಡುತ್ತಿತ್ತು’ ಎಂಬ ಕೂಗು ಏಳುತ್ತದೆ. ಕಾಲೇಜುಗಳದೂ ತಪ್ಪಿದೆ: ವಾರ್ಡಿಗೆ ಕಾಲಿಡದೆ, ಸ್ಲೈಡುಗಳನ್ನೇ ಉರು ಹೊಡೆದು ಪದವಿ ಪಡೆದವರನ್ನು ಕಂಡಿದ್ದೇನೆ. ಅಂಥವರ ಬಗ್ಗೆ ತಮ್ಮ ಅನುಮಾನ ನ್ಯಾಯವಾದದ್ದೇ. ಆದರೂ ಮಗಳನ್ನು ತಡೆಯಬೇಡಿ. ಶುಲ್ಕ ಕಟ್ಟುವ ಮುನ್ನ, ವಿದ್ಯಾರ್ಥಿಗಳು ಎಷ್ಟು ತಿಂಗಳು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ, ಅದರಲ್ಲಿ ರಾತ್ರಿ ಪಾಳಿ ಎಷ್ಟು ಎಂದು ಕಾಲೇಜಿನವರನ್ನೇ ಕೇಳಿ.