ಪಾರ್ಕಿಗೆ ಕಂಪನಿ ದುಡ್ಡು: ಸಸಿ ಬೇಡ ಅನ್ನಿ, ನೀರು ಕೇಳಿ

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ನೀವು ಹತ್ತು ಜನ ಪ್ರತಿ ಭಾನುವಾರ ಬಡಾವಣೆಯ ಪಾರ್ಕು, ಊರಾಚೆಯ ಗುಡ್ಡದ ಕಾಲುದಾರಿ ಎರಡನ್ನೂ ನೋಡಿಕೊಳ್ಳುತ್ತಿದ್ದೀರಿ. ಈಗ ಒಂದು ಕಂಪನಿಯವರು 500 ಸಸಿ, ಟೀ ಶರ್ಟು ಕೊಡುತ್ತೇವೆ, ನಮ್ಮ ಸಿಬ್ಬಂದಿಯೇ ಬಂದು ನೆಡುತ್ತಾರೆ ಅಂದಿದ್ದಾರೆ, ಒಪ್ಪಿಕೊಳ್ಳೋಣವಾ ಅಂತ ಕೇಳಿದ್ದೀರಿ. ಕಂಪನಿಯನ್ನು ಒಪ್ಪಿಕೊಳ್ಳಿ, ಅಷ್ಟೊಂದು ಸಸಿ ಮಾತ್ರ ಬೇಡ ಅನ್ನಿ. ನೀರು, ಮತ್ತೆ ನೀರು ಹಾಕುವ ಒಬ್ಬ ಮಾಲಿ, ಮೂರು ಬೇಸಿಗೆಗೆ. ಇದನ್ನು ಕೇಳಿ.

ಚಿತ್ರದುರ್ಗದಲ್ಲಿ ನಮಗೆ ಆಗಿದ್ದು ಹೇಳುತ್ತೇನೆ. ಜೂನ್ 5ಕ್ಕೆ ಒಂದು ಕಂಪನಿಯವರು ಬಂದು 200 ಸಸಿ ನೆಟ್ಟರು. ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಯುಗಾದಿ ಹೊತ್ತಿಗೆ ಮೂವತ್ತೂ ಉಳಿದಿರಲಿಲ್ಲ. ಒಣಗಿದ ಹೊಂಗೆ ಸಸಿಯೊಂದನ್ನು ಹಿಡಿದು ಎಳೆದೆ, ಸಲೀಸಾಗಿ ಬಂತು. ನೋಡಿದರೆ ಕಪ್ಪು ಪ್ಲಾಸ್ಟಿಕ್ ಕವರು ಹಾಗೇ ಇದೆ! ಬೇರು ಕವರಿನೊಳಗೇ ಸುರುಳಿ ಸುತ್ತಿಕೊಂಡು ಸತ್ತಿತ್ತು. ನೆಟ್ಟವರಿಗೆ ಕವರು ಹರಿದು ನೆಡಬೇಕು ಅಂತ ನಾವೇ ಹೇಳಿರಲಿಲ್ಲ. ಆವತ್ತು ಆದ ಬೇಜಾರು ಇನ್ನೂ ಹೋಗಿಲ್ಲ.

ನಮ್ಮ ದುರ್ಗದ ಕಡೆ ಮಳೆ ಜೋರಾಗುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನ್ ಮೊದಲ ವಾರದಲ್ಲಿ ನೆಟ್ಟರೆ ಮಳೆ ಕೈಕೊಟ್ಟಾಗೆಲ್ಲ ನೀವೇ ನೀರು ಹೊರಬೇಕು. ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಒಂದು ಸಸಿಗೆ ವಾರಕ್ಕೆ ಎರಡು ಸಲ ಹತ್ತು ಲೀಟರ್ ಅಂದರೂ 200 ಸಸಿಗೆ ವಾರಕ್ಕೆ 4,000 ಲೀಟರ್. ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಟ್ಯಾಂಕರ್. 500ಕ್ಕೆ ಎರಡೂವರೆ ಟ್ಯಾಂಕರ್, ಫೆಬ್ರವರಿಯಿಂದ ಮೇ ತನಕ ವಾರವಾರವೂ. ಭಾನುವಾರ ಬರುವ ಹತ್ತು ಜನರ ಕೈಲಿ ಆಗುವ ಕೆಲಸ ಅಲ್ಲ ಅಲ್ವಾ? ಅದಕ್ಕೇ 60 ಸಸಿ ಸಾಕು. ಬೇವು, ಹೊಂಗೆ, ಹುಣಸೆ ಹಾಕಿ. ಎರಡಡಿ ಗುಂಡಿ, ಸುತ್ತ ಪಾತಿ, ಪಕ್ಕದಲ್ಲಿ ಕುತ್ತಿಗೆಮಟ್ಟ ಹೂತ ಒಂದು ಮಣ್ಣಿನ ಮಡಕೆ. ಮಡಕೆ ತುಂಬಿಸಿ ಬಾಯಿ ಮುಚ್ಚಿದರೆ ನೀರು ಮೆಲ್ಲಗೆ ಬೇರಿನ ಹತ್ತಿರ ಜಿನುಗುತ್ತದೆ, ಮೇಲೆ ಸುರಿದಷ್ಟು ದಂಡ ಆಗುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಮೊದಲು ಅದು ಸಿಎಸ್‌ಆರ್ ದುಡ್ಡಾ, ಅಂದರೆ ದೊಡ್ಡ ಕಂಪನಿಗಳು ಕಾನೂನಿನ ಪ್ರಕಾರ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ದುಡ್ಡಾ ಅಂತ ಕೇಳಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಖರ್ಚು ಮಾಡಲೇಬೇಕು. ಯಾವ ಕೆಲಸಕ್ಕೆ ಖರ್ಚು ಮಾಡಬಹುದು ಅನ್ನುವ ಪಟ್ಟಿಯಲ್ಲಿ ಪರಿಸರವೂ ಇದೆ. ಆದರೆ ನಿಮ್ಮ ಗುಂಪಿನ ಖಾತೆಗೆ ಸುಮ್ನೆ ಹಾಕಲು ಬರುವುದಿಲ್ಲ. ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿ ಆಗಿರಬೇಕು, ಆದಾಯ ತೆರಿಗೆ ಇಲಾಖೆಯ 12ಎ, 80ಜಿ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ಇದೆಲ್ಲ ಇಲ್ಲದಿದ್ದರೆ ಚಿಂತೆ ಬೇಡ. ಟ್ಯಾಂಕ್, ಪೈಪು, ಮಾಲಿಯ ಸಂಬಳ ಎಲ್ಲವನ್ನೂ ಕಂಪನಿಯೇ ನೇರವಾಗಿ ಕೊಡಲಿ. ದುಡ್ಡು ನಿಮ್ಮ ಕೈಗೆ ಬಾರದಿದ್ದರೆ ಜಗಳವೂ ಕಡಿಮೆ. ಸಣ್ಣ ಮಿಲ್ಲು, ಅಂಗಡಿಯವರಾದರೆ ಈ ಕಾಯ್ದೆ ಅವರಿಗೆ ಅನ್ವಯಿಸುವುದೇ ಇಲ್ಲ, ಮನಸ್ಸಿದ್ದಷ್ಟು ಕೊಡುತ್ತಾರೆ.

ಇನ್ನೊಂದು. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು ಅಂತ ಕಂಪನಿಯವರು ಫೆಬ್ರವರಿಯಲ್ಲಿ ಓಡೋಡಿ ಬರುತ್ತಾರೆ. ಆಗ ಸಸಿ ನೆಟ್ಟರೆ ಸುಟ್ಟುಹೋಗುತ್ತದೆ, ಟ್ಯಾಂಕು, ಬೇಲಿ, ಪಿಕಾಸಿ, ಹಾರೆ ಕೊಳ್ಳಲು ಮಾತ್ರ ಅದೇ ಒಳ್ಳೆ ಹೊತ್ತು. ನಿರ್ವಹಣೆಯನ್ನು 'ಮುಂದುವರಿಯುವ ಯೋಜನೆ' ಅಂತ ಬರೆಸಿ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಲು ನಿಯಮದಲ್ಲೇ ಅವಕಾಶ ಇದೆ. ಬಾಯಿಮಾತು ಬೇಡ, ಕಾಗದದಲ್ಲಿ ಇರಲಿ.

ಅನುಮತಿ ಮರೆಯಬೇಡಿ. ಪಾರ್ಕು ಪಾಲಿಕೆಗೆ ಹಸ್ತಾಂತರ ಆಗಿದೆಯಾ, ಇನ್ನೂ ದೂಡಾ (ನಿಮ್ಮ ನಗರಾಭಿವೃದ್ಧಿ ಪ್ರಾಧಿಕಾರ) ಹತ್ತಿರ ಇದೆಯಾ ವಿಚಾರಿಸಿ. ಗುಡ್ಡ ಅರಣ್ಯ ಇಲಾಖೆಯದಾದರೆ ವಲಯ ಅರಣ್ಯಾಧಿಕಾರಿಯ ಕಾಗದ ಬೇಕು. ನಮ್ಮ ಕೋಟೆಯೊಳಗೆ ಪುರಾತತ್ವ ಇಲಾಖೆಯನ್ನು ಕೇಳದೆ ಒಂದು ಗುಂಡಿಯನ್ನೂ ತೋಡುವ ಹಾಗಿಲ್ಲ.

ಕಂಪನಿ ಸಿಬ್ಬಂದಿ ಬರುತ್ತೇವೆ ಅಂದರೆ ಸಂತೋಷವಾಗಿ ಕರೆಯಿರಿ, ಅವರನ್ನು ಕಾಲುದಾರಿಗೆ ಕಳಿಸಿ. ದಾರಿ ಕೊಚ್ಚಿಹೋಗುವುದು ಜನ ನಡೆಯುವುದಕ್ಕಿಂತ ಹೆಚ್ಚಾಗಿ ಮಳೆನೀರು ದಾರಿಯನ್ನೇ ಹಳ್ಳ ಮಾಡಿಕೊಂಡು ಇಳಿಯುವುದರಿಂದ. ಇಳಿಜಾರಿನಲ್ಲಿ ಹತ್ತು ಹದಿನೈದು ಹೆಜ್ಜೆಗೊಂದು ಕಡೆ ದಾರಿಗೆ ಅಡ್ಡವಾಗಿ, ಸ್ವಲ್ಪ ಓರೆಯಾಗಿ ಕಲ್ಲು ಹೂಳಿದರೆ ನೀರು ಪಕ್ಕಕ್ಕೆ ಹೊರಳುತ್ತದೆ. ಕಲ್ಲು ಹೊರಲು ಮೂವತ್ತು ಜನ ಸಿಗುವುದು ಆ ಒಂದು ದಿನವೇ. ದಾರಿ ಪಕ್ಕದ ಲಂಟಾನ ಕಳೆಯನ್ನು ಬರೀ ಕತ್ತರಿಸಬೇಡಿ, ಮತ್ತೆ ಚಿಗುರುತ್ತದೆ, ಬುಡಸಮೇತ ಕೀಳಿ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೀಳಬೇಕು, ಕೈಗೆ ಗ್ಲೌಸ್ ಹಾಕಿಕೊಂಡು.

ಪಾರ್ಕಿನಲ್ಲಿ ಬೋರ್ ಇದೆಯಾ, ಇದ್ದರೆ ಏಪ್ರಿಲ್‌ನಲ್ಲಿ ನೀರು ಬರುತ್ತದಾ, ತಿಳಿಸಿ. ಅದನ್ನು ನೋಡಿಕೊಂಡು ಎಷ್ಟು ದೊಡ್ಡ ಟ್ಯಾಂಕ್ ಕೇಳಬೇಕು ಅಂತ ಹೇಳುತ್ತೇನೆ. ಕಂಪನಿಗೆ ಕೊಡುವ ಪತ್ರ ಬರೆದು ಇಲ್ಲೇ ಹಾಕಿ, ಕೂತು ತಿದ್ದೋಣ.